ನಿಮ್ಮ ಹೆಸರಲ್ಲಿ ಏನಿದೆ ಮೇಡಂ?

2023ರ ಜೂನ್ ತಿಂಗಳು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮ ಆಡಿಟರ್ ಆಫೀಸು. ನಾನು ದಪ್ಪನೆಯ ಫೈಲ್ ಒಂದನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದೆ. ಷೇರು, ಫಂಡ್ ಮಾರುಕಟ್ಟೆಯ ಮೇಲೆ ಕಣ್ಣಿಡುವ ಸೆಬಿಯಲ್ಲಿ ಇನ್ವೆಸ್ಟ್‌ಮೆಂಟ್ ಅಡ್ವೈಸರ್, ಅಂದರೆ ಹೂಡಿಕೆ ಸಲಹೆಗಾರಳಾಗಿ ನೋಂದಣಿ ಮಾಡಿಸಬೇಕಿತ್ತು. ಅದಕ್ಕೆ ನೆಟ್‌ವರ್ತ್ ಸರ್ಟಿಫಿಕೇಟ್ ಬೇಕು. ಆಗಿನ ನಿಯಮ ಹೇಗಿತ್ತು ಅಂದರೆ, ಅರ್ಜಿ ಹಾಕುವವರ ಹತ್ತಿರ ಸಾಲ ಎಲ್ಲ ಕಳೆದು ಕನಿಷ್ಠ 5 ಲಕ್ಷ ರೂಪಾಯಿಯ ಸ್ವಂತ ಆಸ್ತಿ ಇರಬೇಕು. ಐದು ಲಕ್ಷ ತಾನೇ, ಅದೇನು ಮಹಾ ಅಂದುಕೊಂಡೇ ಹೋಗಿದ್ದೆ.

ಆಡಿಟರ್ ಒಂದು ಬಿಳಿ ಹಾಳೆ ತೆಗೆದುಕೊಂಡು ಕೇಳಿದರು. "ನಿಮ್ಮ ಹೆಸರಲ್ಲಿ ಏನಿದೆ ಮೇಡಂ?"

"ಮನೆ ಇದೆಯಲ್ಲ ಸರ್."

"ಖಾತೆ ಯಾರ ಹೆಸರಲ್ಲಿದೆ?"

"ನಮ್ಮ ಮನೆಯವರ ಹೆಸರಲ್ಲಿ."

"ಎಫ್‌ಡಿ?"

"ಅದೂ ಇವರದೇ. ನಾನು ನಾಮಿನಿ."

"ಕಾರು?"

ನಾನು ಸುಮ್ಮನಾದೆ. ಅವರು ಪೆನ್ನು ಕೆಳಗಿಟ್ಟು ಮನೆ ಸಾಲದ ಸ್ಟೇಟ್‌ಮೆಂಟ್ ನೋಡಿದರು. ಅದರಲ್ಲಿ ನನ್ನ ಹೆಸರಿತ್ತು. 2012ರಲ್ಲಿ ಸಾಲ ತೆಗೆಯುವಾಗ ನನ್ನ ಸಂಬಳ ಸೇರಿಸಿದರೆ ಜಾಸ್ತಿ ಸಾಲ ಸಿಗುತ್ತದೆ ಅಂತ ನನ್ನನ್ನೂ ಜೊತೆ ಸಾಲಗಾರಳನ್ನಾಗಿ ಮಾಡಿದ್ದರು. ನಾನೇ ಖುಷಿಯಿಂದ ಸಹಿ ಹಾಕಿದ್ದೆ. ಅಂದರೆ ಸಾಲದಲ್ಲಿ ನನ್ನ ಹೆಸರಿದೆ, ಮನೆಯಲ್ಲಿ ಇಲ್ಲ.

ಆಗ ನನಗೆ 38 ವರ್ಷ. ಹದಿನೈದು ವರ್ಷದಿಂದ ದುಡಿಯುತ್ತಿದ್ದೆ. ಹಣಕಾಸಿನ ಪ್ಲ್ಯಾನ್ ಮಾಡುವವರ ಸಿಎಫ್‌ಪಿ ಓದು ಮುಗಿಸಿದ್ದೆ. ಬೇರೆಯವರ ಮನೆಗೆ ಹೋಗಿ ಹಣಕಾಸಿನ ಪ್ಲ್ಯಾನ್ ಮಾಡಿಕೊಡಲು ತಯಾರಾಗಿದ್ದವಳು ನಾನು. ನನ್ನ ಹೆಸರಲ್ಲಿ ಇದ್ದದ್ದು ಒಂದು ಸ್ಕೂಟರು, ಪಿಪಿಎಫ್‌ನಲ್ಲಿ ಒಂದಿಷ್ಟು, ಮ್ಯೂಚುಯಲ್ ಫಂಡ್‌ನಲ್ಲಿ ಒಂದಿಷ್ಟು, ತವರಿನವರು ಹಾಕಿದ ಬಂಗಾರ. ಬಾಕಿ ಇದ್ದ ಮನೆ ಸಾಲವನ್ನು ನನ್ನ ತಲೆ ಮೇಲೂ ಹೊರಿಸಿದರೆ ಲೆಕ್ಕ ಐದು ಲಕ್ಷಕ್ಕೆ ಮುಟ್ಟುವುದೇ ಕಷ್ಟವಿತ್ತು.

ಈ ಕೆಲಸಕ್ಕೆ ಏನೇನು ಓದಬೇಕು, ಎಷ್ಟು ಪರೀಕ್ಷೆ ಅಂತ ತುಂಬಾ ಜನ ಕೇಳುತ್ತಾರೆ. ಅದನ್ನೆಲ್ಲ ಹೇಳುತ್ತೇನೆ. ಆದರೆ ನನ್ನ ಮಟ್ಟಿಗೆ ಆ ಓದು, ಆ ಫಾರಂಗಳು ಮನೆಯ ಒಳಗಿನ ಮಾತುಗಳಿಂದ ಬೇರೆಯಾಗಿ ನಡೆಯಲೇ ಇಲ್ಲ. ಅದಕ್ಕೆ ಎರಡನ್ನೂ ಸೇರಿಸಿಯೇ ಹೇಳಬೇಕು.

ಮೊದಲಿಂದ ಶುರು ಮಾಡುತ್ತೇನೆ. ಬಿ.ಕಾಂ. ಮುಗಿಸಿ 2008ರಲ್ಲಿ ಒಂದು ಖಾಸಗಿ ಬ್ಯಾಂಕಿಗೆ ಸೇರಿದೆ. ಕೆಲಸ ಮಾಡುತ್ತಲೇ ದೂರಶಿಕ್ಷಣದಲ್ಲಿ ಎಂ.ಬಿ.ಎ. ಮಾಡಿಕೊಂಡೆ. ಹೆಸರಿಗೆ ಗ್ರಾಹಕರ ಸಂಬಂಧ ನೋಡಿಕೊಳ್ಳುವ ಕೆಲಸ, ಮಾಡುತ್ತಿದ್ದದ್ದು ಪಾಲಿಸಿ ಮಾರಾಟ. ಜನವರಿಯಿಂದ ಮಾರ್ಚ್ 31ರ ತನಕ ಉಸಿರಾಡಲು ಆಗುತ್ತಿರಲಿಲ್ಲ. 80ಸಿ ಅಂತ ಹೇಳಿದರೆ ಸಾಕು, ಜನ ಚೆಕ್ ಬರೆದುಕೊಡುತ್ತಿದ್ದರು. ತೆರಿಗೆ ಉಳಿಯುತ್ತದೆ, ದುಡ್ಡೂ ವಾಪಸ್ ಬರುತ್ತದೆ, ಇನ್ನೇನು ಬೇಕು ಅಂತ ನಾನೂ ನಂಬಿದ್ದೆ. ಅದನ್ನು ನಂಬಿಯೇ ಮಾರಿದ್ದು, ಅದು ಸುಳ್ಳಲ್ಲ. ಆದರೆ ನಂಬುವ ಮೊದಲು ಲೆಕ್ಕ ಹಾಕಿ ನೋಡಿರಲಿಲ್ಲ.

2014ರಲ್ಲಿ ಒಬ್ಬ ನಿವೃತ್ತ ಟೀಚರ್ ಬಂದರು. ಒಂಟಿ ಹೆಂಗಸು. ನಿವೃತ್ತಿಯಲ್ಲಿ ಬಂದ ದುಡ್ಡು ಎಸ್‌ಬಿ ಖಾತೆಯಲ್ಲಿ ಹಾಗೇ ಇತ್ತು. ಮೇಲಿನವರು ನನಗೆ ಆ ಖಾತೆ ತೋರಿಸಿ "ಇದನ್ನು ಬಿಡಬೇಡ" ಅಂದಿದ್ದರು. ವರ್ಷಕ್ಕೆ ಒಂದು ಲಕ್ಷದಂತೆ ಹತ್ತು ವರ್ಷ ಕಟ್ಟುವ ಪಾಲಿಸಿ ಮಾಡಿಸಿದೆ. ಹತ್ತು ವರ್ಷ ಅಂತ ಹೇಳಿದ್ದೆ, ಫಾರಂನಲ್ಲೂ ಇತ್ತು. ಆದರೆ "ಎಫ್‌ಡಿ ಥರಾನೇ ಟೀಚರ್" ಅಂತಲೂ ಹೇಳಿದ್ದೆ. ಅವರ ಕಿವಿಗೆ ಬಿದ್ದದ್ದು ಅದೊಂದೇ. ಮುಂದಿನ ವರ್ಷ ಕಂತಿನ ನೋಟಿಸ್ ಹಿಡಿದುಕೊಂಡು ಬಂದು "ಒಂದು ಸಲ ಕಟ್ಟಿದೆನಲ್ಲ ಮಗಾ, ಮತ್ತೆ ಯಾಕೆ ಕೇಳುತ್ತಿದ್ದಾರೆ?" ಅಂತ ಕೇಳಿದರು. ಪಾಲಿಸಿ ಕೈಗೆ ಬಂದ ಮೇಲೆ ಬೇಡ ಅಂದರೆ ವಾಪಸ್ ಮಾಡಲು ಆಗ 15 ದಿನ ಕಾಲಾವಕಾಶ ಇತ್ತು. ಅದು ಮುಗಿದು ಹನ್ನೊಂದು ತಿಂಗಳಾಗಿತ್ತು. ಅವರು ಬೈಯಲಿಲ್ಲ. ನೋಟಿಸನ್ನು ಮಡಿಸಿ ಪರ್ಸಿನಲ್ಲಿ ಇಟ್ಟುಕೊಂಡು ಹೋದರು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

2016ರಲ್ಲಿ ಕೆಲಸ ಬಿಟ್ಟೆ. ಮ್ಯೂಚುಯಲ್ ಫಂಡ್ ವಿತರಕಿ ಆಗೋಣ ಅಂತ ಸೆಬಿಯದೇ ಸಂಸ್ಥೆಯಾದ ಎನ್‌ಐಎಸ್‌ಎಂನ 5-ಎ ಪರೀಕ್ಷೆ ಬರೆದೆ. ಅದು ಕಷ್ಟದ ಪರೀಕ್ಷೆ ಅಲ್ಲ. ನೂರಕ್ಕೆ ಐವತ್ತು ಬಂದರೆ ಪಾಸು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅದಾದ ಮೇಲೆ ಫಂಡ್ ಕಂಪನಿಗಳ ಸಂಘವಾದ ಆಂಫಿಯಿಂದ ಎಆರ್‌ಎನ್ ಅನ್ನುವ ವಿತರಕರ ನೋಂದಣಿ ನಂಬರ್ ಸಿಗುತ್ತದೆ. ಗ್ರಾಹಕರಿಂದ ನೇರವಾಗಿ ಏನೂ ತಗೊಳ್ಳುವ ಹಾಗಿಲ್ಲ, ಫಂಡ್ ಕಂಪನಿಯೇ ಕಮಿಷನ್ ಕೊಡುತ್ತದೆ. ಗ್ರಾಹಕರು ಎಷ್ಟು ದಿನ ದುಡ್ಡು ಇಟ್ಟಿರುತ್ತಾರೋ ಅಷ್ಟು ದಿನ ಬರುತ್ತಾ ಇರುತ್ತದೆ. ಐದು ವರ್ಷದಲ್ಲಿ ತಿಂಗಳಿಗೆ 38 ಸಾವಿರದಷ್ಟು ಬರುವಂತಾಯಿತು. ವಿಸಿಟಿಂಗ್ ಕಾರ್ಡ್ ಮೇಲೆ ಫೈನಾನ್ಷಿಯಲ್ ಅಡ್ವೈಸರ್ ಅಂತ ಅಚ್ಚು ಹಾಕಿಸಿದ್ದೆ. 2020ರಲ್ಲಿ ಸೆಬಿ ನಿಯಮ ಬಿಗಿ ಮಾಡಿತು. ನೋಂದಣಿ ಇಲ್ಲದ ವಿತರಕರು ಅಡ್ವೈಸರ್ ಅಂತ ಹೆಸರು ಹಾಕಿಕೊಳ್ಳುವಂತಿಲ್ಲ ಅಂದಿತು. ಇನ್ನೂರು ಚಿಲ್ಲರೆ ಕಾರ್ಡು ಉಳಿದಿದ್ದವು. ಎಲ್ಲವನ್ನೂ ಹರಿದು ಹಾಕಿದೆ. ಆ ನಿಯಮ ಸರಿ ಅಂತಲೇ ಈಗಲೂ ನನ್ನ ಅಭಿಪ್ರಾಯ. ಮಾರುವವರು ಮಾರುವವರು ಅಂತಲೇ ಹೇಳಿಕೊಳ್ಳಬೇಕು ಅಲ್ವಾ?

ಆಮೇಲೆ 2021ರ ಮೇ ಬಂತು. ಕೋವಿಡ್ ಎರಡನೇ ಅಲೆ. ನಮ್ಮ ಮನೆಯವರು ಖಾಸಗಿ ಪಿಯು ಕಾಲೇಜಿನಲ್ಲಿ ಲೆಕ್ಚರರ್. ಅವರ ಜೊತೆಗೇ ಪಾಠ ಮಾಡುತ್ತಿದ್ದ ಸ್ನೇಹಿತರೊಬ್ಬರು ಹನ್ನೊಂದೇ ದಿನದಲ್ಲಿ ಹೋಗಿಬಿಟ್ಟರು. 44 ವಯಸ್ಸು, ಇಬ್ಬರು ಮಕ್ಕಳು. ತಿಂಗಳ ನಂತರ ಅವರ ಹೆಂಡತಿ ಒಂದು ಬಟ್ಟೆ ಅಂಗಡಿಯ ಚೀಲ ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ಅಕ್ಕ, ಇದರಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ, ನೀವೇ ನೋಡಿ" ಅಂದರು.

ಚೀಲವನ್ನು ಚಾಪೆ ಮೇಲೆ ಸುರಿದೆವು. ಒಂಬತ್ತು ಪಾಲಿಸಿ ಬಾಂಡು. ಒಂಬತ್ತೂ ಸೇರಿಸಿದರೆ ಸಿಗುವ ವಿಮೆ ಏಳು ಲಕ್ಷ. ಮದುವೆಗೆ ಮುಂಚೆ ತುಂಬಿದ ಪಿಎಫ್ ನಾಮಿನೇಶನ್ ಫಾರಂನ ಜೆರಾಕ್ಸ್, ಅದರಲ್ಲಿ ಅವರ ತಾಯಿಯ ಹೆಸರು. ಯಾರಿಗೋ ಕೈಸಾಲ ಕೊಟ್ಟಿದ್ದಕ್ಕೆ ಒಂದು ಚೀಟಿ. ಒಂದು ಸಹಕಾರಿ ಸಂಘದ ಷೇರು ಪತ್ರ. ಪಾಸ್‌ಬುಕ್ಕು ನಾಲ್ಕು. ನಾನು ಮ್ಯೂಚುಯಲ್ ಫಂಡ್ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲೆ. ಆದರೆ ಆ ಚಾಪೆ ಮೇಲೆ ಬಿದ್ದಿದ್ದ ಕಾಗದದಲ್ಲಿ ಮುಕ್ಕಾಲು ಪಾಲಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಪಿಎಫ್ ಇರುವ ನೌಕರ ಕೆಲಸದಲ್ಲಿದ್ದಾಗಲೇ ತೀರಿಕೊಂಡರೆ ಇಡಿಎಲ್‌ಐ ಅಂತ ಒಂದು ವಿಮೆ ಇದೆ, ಅದಕ್ಕೆ ನೌಕರ ಒಂದು ಪೈಸೆ ಕೂಡ ಕಟ್ಟಬೇಕಾಗಿಲ್ಲ, ಗರಿಷ್ಠ 7 ಲಕ್ಷ ಬರುತ್ತದೆ. ಇದು ನನಗೆ ಗೊತ್ತಾಗಿದ್ದು ಕಾಲೇಜಿನ ಆಫೀಸಿನ ಗುಮಾಸ್ತರಿಂದ. ಮದುವೆಗೆ ಮುಂಚಿನ ಪಿಎಫ್ ನಾಮಿನೇಶನ್ ಮದುವೆಯಾದ ಮೇಲೆ ನಡೆಯುವುದಿಲ್ಲ ಅನ್ನುವುದನ್ನೂ ಅವರೇ ಹೇಳಿದರು. ಹೆಂಡತಿಗೆ, ಮಕ್ಕಳಿಗೆ ಪಿಂಚಣಿ ಬರುತ್ತದೆ ಅನ್ನುವುದನ್ನೂ. ಆ ಗುಮಾಸ್ತರಿಗೆ ಗೊತ್ತಿದ್ದಷ್ಟು ಹದಿಮೂರು ವರ್ಷ ಇದೇ ಕ್ಷೇತ್ರದಲ್ಲಿದ್ದ ನನಗೆ ಗೊತ್ತಿರಲಿಲ್ಲ. ಆ ವಾರವೇ ಸಿಎಫ್‌ಪಿಗೆ ಸೇರುವುದು ಅಂತ ತೀರ್ಮಾನ ಮಾಡಿದೆ.

ಸಿಎಫ್‌ಪಿ ಅಂದರೆ ಸರ್ಟಿಫೈಡ್ ಫೈನಾನ್ಷಿಯಲ್ ಪ್ಲ್ಯಾನರ್. ಅಮೆರಿಕದಲ್ಲಿ ಹುಟ್ಟಿದ್ದು, 1973ರಲ್ಲಿ ಮೊದಲ ತಂಡದಲ್ಲಿ 42 ಜನ ಪಾಸಾಗಿದ್ದರಂತೆ. ಬರೀ ಪರೀಕ್ಷೆ ಬರೆದರೆ ಸಾಲದು, ಓದು, ಪರೀಕ್ಷೆ, ಅನುಭವ, ನೀತಿಸಂಹಿತೆ ಅಂತ ನಾಲ್ಕೂ ಆಗಬೇಕು. ಹೂಡಿಕೆ, ವಿಮೆ, ತೆರಿಗೆ, ನಿವೃತ್ತಿ, ನಮ್ಮ ನಂತರ ಆಸ್ತಿ ಯಾರಿಗೆ ಹೇಗೆ ಹೋಗಬೇಕು ಅನ್ನುವುದು, ಇವೆಲ್ಲವನ್ನೂ ಬಿಡಿಬಿಡಿಯಾಗಿ ಓದಿ ಕೊನೆಗೆ ಒಂದು ಇಡೀ ಕುಟುಂಬದ ಲೆಕ್ಕವನ್ನು ಒಟ್ಟಿಗೆ ಕೂರಿಸಬೇಕು. ನನಗೆ ಬೇಕಾಗಿದ್ದದ್ದೂ ಅದೇ. ಚೀಲ ಸುರಿದಾಗ ಯಾವ ಕಾಗದಕ್ಕೂ ಕೈ ನಡುಗಬಾರದು.

ಬೆಳಗಿನ ನಾಲ್ಕೂವರೆಯಿಂದ ಆರೂವರೆ ತನಕ ನನ್ನ ಓದು. ಅಡುಗೆಮನೆಯ ಕಟ್ಟೆ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಹಾಲಿನ ಪಾತ್ರೆ. ಆರೂವರೆ ಆದರೆ ಮಗಳ ಡಬ್ಬಿ, ಅತ್ತೆಯ ಶುಗರ್ ಮಾತ್ರೆ, ಇವರ ತಿಂಡಿ. ನಲವತ್ತರ ಹತ್ತಿರದಲ್ಲಿ ಓದುವುದು ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಓದಿದ್ದು ನಿಲ್ಲುವುದಿಲ್ಲ. ನಾನು ಒಂದು ಉಪಾಯ ಮಾಡಿಕೊಂಡೆ. ಪುಸ್ತಕದಲ್ಲಿ ಬರುವ ಪ್ರತಿ ಲೆಕ್ಕಕ್ಕೂ ನಮ್ಮ ಮನೆಯ ಅಂಕಿ ಹಾಕಿ ಮಾಡುವುದು. ಮಗಳಿಗೆ ಆಗ ಆರು ವರ್ಷ. ಇವತ್ತು 10 ಲಕ್ಷ ಆಗುವ ಓದಿಗೆ ವರ್ಷಕ್ಕೆ 8 ಪರ್ಸೆಂಟ್ ಖರ್ಚು ಏರಿದರೆ ಹನ್ನೆರಡು ವರ್ಷದ ನಂತರ ಎಷ್ಟು? 25 ಲಕ್ಷ ಚಿಲ್ಲರೆ. 11 ಪರ್ಸೆಂಟ್ ಬೆಳೆಯುತ್ತದೆ ಅಂತ ಇಟ್ಟುಕೊಂಡರೂ ತಿಂಗಳಿಗೆ ಸುಮಾರು 8,500 ಹಾಕಬೇಕು. ನಾವು ಹಾಕುತ್ತಿದ್ದದ್ದು 2,000.

ಒಂದು ದಿನ ಬೆಳಿಗ್ಗೆ ಇವರ ಪಾಲಿಸಿಯ ಬಾಂಡು ತೆಗೆದೆ. 2010ರ ಮಾರ್ಚ್‌ನಲ್ಲಿ ನಾನೇ ಮಾಡಿಸಿದ್ದು. ಟಾರ್ಗೆಟ್‌ಗೆ ಒಂದು ಪಾಲಿಸಿ ಕಡಿಮೆ ಬಿದ್ದಿತ್ತು, ಮದುವೆಯಾದ ಹೊಸತು, ಇವರು ಓದದೇ ಸಹಿ ಹಾಕಿದ್ದರು. ವರ್ಷಕ್ಕೆ 30 ಸಾವಿರ, ಇಪ್ಪತ್ತು ವರ್ಷ. ಕೊನೆಗೆ ಬೋನಸ್ ಸೇರಿ 11 ಲಕ್ಷದ ಹತ್ತಿರ ಬರಬಹುದು. ಎಕ್ಸೆಲ್‌ನಲ್ಲಿ ಕಂತುಗಳನ್ನು ಒಂದರ ಕೆಳಗೆ ಒಂದು ಬರೆದು ಲೆಕ್ಕ ಹಾಕಿದೆ. ಐದೂವರೆ ಪರ್ಸೆಂಟ್. ಅದಕ್ಕಿಂತ ಎದೆ ಹಿಂಡಿದ್ದು ಇನ್ನೊಂದು ಅಂಕಿ. ಇವರಿಗೆ ಏನಾದರೂ ಆದರೆ ಬರುವುದು 6 ಲಕ್ಷ. ಬಾಕಿ ಇರುವ ಮನೆ ಸಾಲವೇ ಸುಮಾರು 8 ಲಕ್ಷ ಇತ್ತು. ಚೀಲ ಹಿಡಿದು ಬಂದಿದ್ದ ಆ ತಂಗಿಗೂ ನನಗೂ ಏನೂ ವ್ಯತ್ಯಾಸ ಇರಲಿಲ್ಲ.

ಅವತ್ತು ಸಂಜೆ ಕಾಫಿ ಕುಡಿಯುವಾಗ ವಿಷಯ ತೆಗೆದೆ. "ರೀ, ನಿಮಗೇನಾದರೂ ಆದರೆ..." ಅಷ್ಟರಲ್ಲಿ ದೇವರ ಮನೆಯಿಂದ ಅತ್ತೆ ಹೊರಗೆ ಬಂದರು. "ದೀಪ ಹಚ್ಚೋ ಹೊತ್ನಾಗೆ ಇಂಥ ಮಾತು ಯಾಕವ್ವಾ?" ಅಂದರು. ಕಣ್ಣಲ್ಲಿ ನೀರಿತ್ತು. ಅವರದ್ದೇನೂ ತಪ್ಪಿಲ್ಲ, ಒಬ್ಬನೇ ಮಗ. ನಾನು ಮಾತು ನಿಲ್ಲಿಸಿದೆ. ಆ ಮಾತು ಮತ್ತೆ ಎತ್ತಲು ಎರಡು ವಾರ ಬೇಕಾಯಿತು. ಈ ಸಲ ಅತ್ತೆಯ ಎದುರಿಗೇ ಕೂತು, ಇವರ ಸ್ನೇಹಿತರ ಮನೆಯ ಚೀಲದ ಕಥೆಯನ್ನೇ ನಿಧಾನವಾಗಿ ಹೇಳಿದೆ. ಅತ್ತೆ ತುಂಬಾ ಹೊತ್ತು ಸುಮ್ಮನೆ ಇದ್ದು, "ನಿಮ್ಮ ಮಾವ ಹೋದಾಗ ನಾನು ಪಿಂಚಣಿಗೆ ಎಂಟು ತಿಂಗಳು ಓಡಾಡಿದೀನಿ. ಮಾಡಿಸಿ" ಅಂದರು.

ಒಂದು ಕೋಟಿಯ ಟರ್ಮ್ ಇನ್ಶೂರೆನ್ಸ್, ಅಂದರೆ ಅವಧಿಯೊಳಗೆ ತೀರಿಕೊಂಡರೆ ಮಾತ್ರ ದುಡ್ಡು ಬರುವ ವಿಮೆ, ಮಾಡಿಸಿದೆವು. ವರ್ಷದ ಕಂತು ಆ ಹಳೇ ಪಾಲಿಸಿಗಿಂತ ಕಡಿಮೆ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಅಡಿಯಲ್ಲಿ ಮಾಡಿಸಿದ್ದು. ಹಾಗೆ ಮಾಡಿಸಿದರೆ ಆ ದುಡ್ಡು ಹೆಂಡತಿ ಮಕ್ಕಳಿಗೇ ಸೇರುತ್ತದೆ, ಗಂಡನಿಗೆ ಸಾಲ ಕೊಟ್ಟವರು ಅದಕ್ಕೆ ಕೈ ಹಾಕುವಂತಿಲ್ಲ. ಪಾಲಿಸಿ ತೆಗೆದುಕೊಳ್ಳುವಾಗಲೇ ಹೇಳಿ ಒಂದು ಫಾರಂ ತುಂಬಬೇಕು, ಆಮೇಲೆ ಸೇರಿಸಲು ಆಗುವುದಿಲ್ಲ. ವ್ಯಾಪಾರ ಮಾಡುವವರ ಮನೆಯಲ್ಲಿ ಇದು ತುಂಬಾ ಮುಖ್ಯ. ಹಳೇ ಪಾಲಿಸಿಗೆ ಕಂತು ಕಟ್ಟುವುದನ್ನು ನಿಲ್ಲಿಸಿ, ಕಟ್ಟಿದಷ್ಟಕ್ಕೆ ಪಾಲಿಸಿ ಉಳಿಯುವ ಹಾಗೆ ಪೇಯ್ಡ್-ಅಪ್ ಮಾಡಿಸಿದೆವು.

ಸಿಎಫ್‌ಪಿ 2022ರ ಕೊನೆಗೆ ಮುಗಿಯಿತು. ಆದರೆ ಅದು ಕೈಗೆ ಬಂದ ತಕ್ಷಣ ಬೋರ್ಡ್ ಹಾಕಿ ಫೀಸ್ ತಗೊಳ್ಳುವ ಹಾಗಿಲ್ಲ. ಸಿಎಫ್‌ಪಿ ಒಂದು ಬಿರುದು, ಅಷ್ಟೇ. ಫೀಸ್ ತಗೊಂಡು ಹೂಡಿಕೆಯ ಸಲಹೆ ಕೊಡಲು ಸೆಬಿಯ 2013ರ ನಿಯಮಾವಳಿ ಪ್ರಕಾರ ನೋಂದಣಿ ಆಗಬೇಕು. ಎರಡನ್ನೂ ಒಂದೇ ಅಂದುಕೊಂಡವರೇ ಜಾಸ್ತಿ. ಆಗ ಬೇಕಾಗಿದ್ದದ್ದು ಸ್ನಾತಕೋತ್ತರ ಪದವಿ, ಐದು ವರ್ಷ ಸಂಬಂಧಪಟ್ಟ ಅನುಭವ, ಎನ್‌ಐಎಸ್‌ಎಂನ 10-ಎ ಮತ್ತು 10-ಬಿ ಪರೀಕ್ಷೆ, ಮತ್ತೆ ಆ ನೆಟ್‌ವರ್ತ್.

10-ಎ ಮೊದಲ ಸಲಕ್ಕೇ ಆಯಿತು. 10-ಬಿ ಬರೆಯಲು ರಾತ್ರಿ ರೈಲಿಗೆ ಬೆಂಗಳೂರಿಗೆ ಹೋದೆ. ಬೆಳಗಿನ ಜಾವ ಯಶವಂತಪುರದಲ್ಲಿ ಇಳಿದು, ರಾಜಾಜಿನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಸ್ನಾನ ಮಾಡಿ, ಉಪ್ಪಿಟ್ಟು ತಿಂದು ಸೆಂಟರ್‌ಗೆ ಹೋದೆ. 150ಕ್ಕೆ 90 ಬರಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ನನಗೆ ಬಂದದ್ದು 86. ಬಟನ್ ಒತ್ತಿದ ಮೇಲೆ ಸ್ಕ್ರೀನ್ ಮೇಲೆ ಅಂಕಿ ಬರುತ್ತದಲ್ಲ, ಅದನ್ನು ನೋಡಿ ಐದು ನಿಮಿಷ ಕುರ್ಚಿಯಿಂದ ಏಳಲಿಲ್ಲ. ಎಲ್ಲಿ ತಪ್ಪಿದೆ ಅಂತ ವಾಪಸ್ ಬರುವಾಗ ರೈಲಿನಲ್ಲಿ ಹೊಳೆಯಿತು. ನಿವೃತ್ತಿಯ ಲೆಕ್ಕದಲ್ಲಿ 11 ಪರ್ಸೆಂಟ್ ಗಳಿಕೆ, 6 ಪರ್ಸೆಂಟ್ ಬೆಲೆ ಏರಿಕೆ ಕೊಟ್ಟಿದ್ದರು. ಅವಸರದಲ್ಲಿ ಹನ್ನೊಂದರಿಂದ ಆರು ಕಳೆದು 5 ಅಂತ ಹಾಕಿದ್ದೆ. 1.11ನ್ನು 1.06ರಿಂದ ಭಾಗಿಸಬೇಕು, ಆಗ ಬರುವುದು 1.0472, ಅಂದರೆ 4.72 ಪರ್ಸೆಂಟ್. ನೋಡಲು ಸಣ್ಣ ವ್ಯತ್ಯಾಸ. ಇಪ್ಪತ್ತೈದು ವರ್ಷದ ನಿವೃತ್ತಿಗೆ ಲೆಕ್ಕ ಹಾಕಿದರೆ ಲಕ್ಷಗಟ್ಟಲೆ ಏರುಪೇರು. ಒಬ್ಬರ ಮುಪ್ಪಿನ ಊಟ ಅದು. ಎರಡು ತಿಂಗಳ ನಂತರ ಮತ್ತೆ ಬರೆದು ಪಾಸಾದೆ. ಈ ಸರ್ಟಿಫಿಕೇಟು ಮೂರು ವರ್ಷಕ್ಕೆ ಮಾತ್ರ, ಆಮೇಲೆ ನವೀಕರಿಸಬೇಕು.

ಅನುಭವದ ಪತ್ರಕ್ಕೆ ಹಳೇ ಬ್ಯಾಂಕಿಗೆ ಅಲೆದದ್ದೇ ನಾಲ್ಕು ತಿಂಗಳು. ಕೆಲಸಕ್ಕೆ ಸೇರಿದ ದಿನ, ಬಿಟ್ಟ ದಿನ ಮಾತ್ರ ಬರೆದು ಕೊಡುತ್ತೇವೆ ಅಂದರು. ಏನು ಕೆಲಸ ಮಾಡಿದೆ ಅಂತ ಬರೆಯಲು ಒಪ್ಪಲಿಲ್ಲ. ಮುಂಬೈಗೆ ಮೇಲ್ ಮೇಲೆ ಮೇಲ್ ಹಾಕಿ ಕೊನೆಗೆ ಸಿಕ್ಕಿತು. ಈ ಕ್ಷೇತ್ರದಲ್ಲಿ ಕೆಲಸ ಬಿಡುವವರಿಗೆ ಒಂದು ಮಾತು, ಬಿಡುವ ದಿನವೇ ಕೆಲಸದ ವಿವರ ಇರುವ ಪತ್ರ ಕೈಗೆ ತಗೊಂಡು ಬನ್ನಿ.

ಈಗ ಮತ್ತೆ ಆ ಆಡಿಟರ್ ಆಫೀಸಿಗೆ ಬರುತ್ತೇನೆ. ಮನೆಗೆ ಬಂದು ಇವರಿಗೆ ಹೇಳಿದೆ. "ನನ್ನ ಹೆಸರಲ್ಲಿ ಏನೂ ಇಲ್ಲವಂತೆ." ಇವರು ಪೇಪರ್ ತಿದ್ದುತ್ತಿದ್ದವರು ತಲೆ ಎತ್ತಿ, "ಏನೂ ಇಲ್ಲ ಅಂದರೆ? ಎಲ್ಲಾ ನಿನ್ನದೇ ಅಲ್ವಾ?" ಅಂದರು. ಅವರು ಮನಸ್ಸಿನಿಂದಲೇ ಹೇಳಿದ್ದು. ಅದಕ್ಕೇ ಉತ್ತರ ಕೊಡುವುದು ಕಷ್ಟವಾಯಿತು. ಜಗಳ ಆಡಲು ಕಾರಣ ಇರಲಿಲ್ಲ, ನೋವಾಗಿದ್ದು ಮಾತ್ರ ನಿಜ. ಹನ್ನೊಂದು ವರ್ಷ ನನ್ನ ಸಂಬಳ, ಆಮೇಲೆ ಕಮಿಷನ್, ಎರಡು ಸಲ ಬೋನಸ್ ದುಡ್ಡು ಆ ಸಾಲಕ್ಕೆ ಹೋಗಿತ್ತು. ಇವರ ಸಂಬಳ ಉಳಿದು ಎಫ್‌ಡಿ ಆಗಿತ್ತು, ಕಾರಾಗಿತ್ತು. ಯಾರೂ ಮೋಸ ಮಾಡಿರಲಿಲ್ಲ. ಸುಮ್ನೆ ಹಾಗೆ ನಡೆದು ಬಂದಿತ್ತು. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಹೀಗೇ, ಹೆಂಡತಿಯ ದುಡ್ಡು ಕರಗುವ ಕಡೆ ಹೋಗುತ್ತದೆ, ಗಂಡನ ದುಡ್ಡು ಉಳಿಯುವ ಕಡೆ.

ನಾನು ಒಂದು ಹಾಳೆಯಲ್ಲಿ ವರ್ಷವಾರು ಬರೆದು ಅವರ ಮುಂದೆ ಇಟ್ಟೆ. ಮಾತಿನಲ್ಲಿ ಹೇಳಿದ್ದರೆ ಅಳು ಬರುತ್ತಿತ್ತು. ಇವರು ಲೆಕ್ಕದ ಮೇಷ್ಟ್ರು, ಹಾಳೆಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದರು. ಏನೂ ಹೇಳಲಿಲ್ಲ. ಊಟ ಮಾಡಿದರು, ಮಲಗಿದರು. ಬೆಳಿಗ್ಗೆ ನಾಲ್ಕೂವರೆಗೆ ನಾನು ಅಡುಗೆಮನೆಗೆ ಬಂದರೆ ಅವರು ಆಗಲೇ ಎದ್ದು ಬಂದು ಕೂತಿದ್ದರು. "ಮನೆ ಇಬ್ಬರ ಹೆಸರಿಗೂ ಮಾಡೋಣ. ಏನೇನು ಮಾಡಬೇಕು ಹೇಳು" ಅಂದರು.

ಮೊದಲು ಬಾಕಿ ಇದ್ದ 3.8 ಲಕ್ಷ ಸಾಲ ತೀರಿಸಿದೆವು. ಎಫ್‌ಡಿ ಮುರಿದೇ ಕಟ್ಟಿದ್ದು. ಸಾಲಕ್ಕೆ 9 ಪರ್ಸೆಂಟ್ ಕೊಡುತ್ತಾ, ಎಫ್‌ಡಿಯಲ್ಲಿ ಅದಕ್ಕಿಂತ ಕಡಿಮೆ ಬಡ್ಡಿ ತಗೊಂಡು, ಆ ಬಡ್ಡಿಗೆ ತೆರಿಗೆಯನ್ನೂ ಕಟ್ಟುತ್ತಾ ಕೂತಿದ್ದೆವು. ಮೊದಲೇ ಮಾಡಬೇಕಾಗಿದ್ದ ಕೆಲಸ. ಮೂಲ ಪತ್ರಗಳು ಬ್ಯಾಂಕಿನಿಂದ ಬಂದ ಮೇಲೆ ಇವರು ಮನೆಯ ಅರ್ಧ ಭಾಗವನ್ನು ನನಗೆ ದಾನಪತ್ರ ಮಾಡಿಕೊಟ್ಟರು. ಗಂಡ ಹೆಂಡತಿ ನಡುವಿನ ದಾನಪತ್ರಕ್ಕೆ ನಮ್ಮ ರಾಜ್ಯದಲ್ಲಿ ಮಾರುಕಟ್ಟೆ ಬೆಲೆಯ ಮೇಲೆ ಮುದ್ರಾಂಕ ಶುಲ್ಕ ಇಲ್ಲ, ನಿಗದಿ ಮಾಡಿದ ಸಣ್ಣ ಮೊತ್ತ ಅಷ್ಟೇ. ಪಡೆದವರಿಗೆ ಆದಾಯ ತೆರಿಗೆಯೂ ಇಲ್ಲ. ಆದರೆ ಹಾಗೆ ಕೊಟ್ಟ ಆಸ್ತಿಯಿಂದ ಮುಂದೆ ಬಾಡಿಗೆ ಬಂದರೆ ಅದು ಕೊಟ್ಟವರ ಆದಾಯಕ್ಕೇ ಸೇರುತ್ತದೆ, ಇದು ನೆನಪಿರಲಿ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿ, ಫೋಟೊ ತೆಗೆಸಿಕೊಂಡು ಹೊರಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಇಬ್ಬರೂ ಬೆಣ್ಣೆದೋಸೆ ತಿಂದು ಮನೆಗೆ ಬಂದೆವು. ಅತ್ತೆ ಪತ್ರವನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದರು.

ಸರ್ಟಿಫಿಕೇಟ್ ಸಿಕ್ಕಿತು. ತೆರಿಗೆ ರಿಟರ್ನ್ಸ್, ಸಿಬಿಲ್ ವರದಿ, ನಾನು ಯಾವ ಕೇಸಿನಲ್ಲೂ ಇಲ್ಲ ಅನ್ನುವ ಘೋಷಣೆ, ಎಲ್ಲಾ ಸೇರಿಸಿ ಅರ್ಜಿ ಹಾಕಿದೆ. ಎರಡು ಸಲ ಪ್ರಶ್ನೆ ಕೇಳಿ ವಾಪಸ್ ಬಂತು. 2024ರ ಫೆಬ್ರವರಿಯಲ್ಲಿ ಐಎನ್‌ಎ ಅಂತ ಶುರುವಾಗುವ ನೋಂದಣಿ ಸಂಖ್ಯೆ ಬಂತು. ಆ ಹೊತ್ತಿಗೆ ಇಡೀ ದೇಶದಲ್ಲಿ ಇಂಥ ಸಲಹೆಗಾರರು ತುಂಬಾ ಕಡಿಮೆ ಇದ್ದರು.

ಅದರ ಜೊತೆಗೆ ಎಆರ್‌ಎನ್ ವಾಪಸ್ ಕೊಡಬೇಕಾಯಿತು. ಒಬ್ಬರೇ ವ್ಯಕ್ತಿ ಫಂಡ್ ಮಾರಿ ಕಮಿಷನ್ ತಗೊಂಡು, ಸಲಹೆ ಅಂತ ಫೀಸನ್ನೂ ತಗೊಳ್ಳುವ ಹಾಗಿಲ್ಲ. ತಿಂಗಳಿಗೆ ಬರುತ್ತಿದ್ದ 38 ಸಾವಿರ ಒಂದೇ ಸಲ ನಿಂತಿತು. ಇದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಂಡಿದ್ದೆವು, ಒಂಬತ್ತು ತಿಂಗಳ ಖರ್ಚು ಬೇರೆ ಖಾತೆಯಲ್ಲಿ ತೆಗೆದಿಟ್ಟಿದ್ದೆವು. ಆದರೂ ಮೊದಲ ತಿಂಗಳು ಖಾತೆಗೆ ಏನೂ ಬಾರದೇ ಇದ್ದಾಗ ಎದೆ ಝಲ್ ಅಂತು.

ಫೀಸ್ ಕೇಳುವುದು ಕಲಿಯಲು ಯಾವ ಪರೀಕ್ಷೆಯೂ ಇಲ್ಲ. "ಬ್ಯಾಂಕಿನವರು ಮನೆಗೇ ಬಂದು ಫ್ರೀಯಾಗಿ ಹೇಳ್ತಾರೆ, ನಿಮಗ್ಯಾಕೆ ದುಡ್ಡು ಕೊಡಬೇಕು ಮೇಡಂ?" ಅಂತ ಎಷ್ಟೋ ಜನ ಕೇಳಿದರು. ನಾನು ಬ್ಯಾಂಕಿನಲ್ಲಿದ್ದಾಗ ಮಾಡಿದ್ದನ್ನೇ ಹೇಳುತ್ತೇನೆ. ಟೀಚರ್ ಕಥೆ ಹೇಳುತ್ತೇನೆ. ಹೇಳುವಾಗ ಈಗಲೂ ಗಂಟಲು ಕಟ್ಟುತ್ತದೆ. ಕೆಲವರು ಎದ್ದು ಹೋಗುತ್ತಾರೆ, ಕೆಲವರು ಕೂರುತ್ತಾರೆ. ಸೆಬಿ ನಿಗದಿ ಮಾಡಿದ ಗರಿಷ್ಠ ಫೀಸು ಒಂದು ಕುಟುಂಬಕ್ಕೆ ವರ್ಷಕ್ಕೆ 1.25 ಲಕ್ಷ ಇತ್ತು, ಈಗ 1.51 ಲಕ್ಷ. ನಮ್ಮೂರಲ್ಲಿ ನಾನು ತಗೊಳ್ಳುವುದು ಹೆಚ್ಚೆಂದರೆ 15 ಸಾವಿರ. ಮೊದಲ ವರ್ಷ ಕೈಗೆ ಬಂದದ್ದು ಎಲ್ಲಾ ಸೇರಿ 2 ಲಕ್ಷದ ಹತ್ತಿರ.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಫೀಸನ್ನು ನೋಟಿನಲ್ಲೇ ತಂದಿದ್ದರು, ಜೊತೆಗೆ ಒಂದು ಗೊನೆ ಬಾಳೆಹಣ್ಣು. ಫೀಸು ನಗದು ತಗೊಳ್ಳುವ ಹಾಗಿಲ್ಲ, ಬ್ಯಾಂಕಿನ ಮೂಲಕವೇ ಬರಬೇಕು ಅಂದೆ. ಅವರಿಗೆ ಬೇಜಾರಾಯಿತು. "ನನ್ನ ದುಡ್ಡು ಕಳ್ಳ ದುಡ್ಡಲ್ಲಮ್ಮ" ಅಂದರು. ಕೂರಿಸಿ, ಕಾಫಿ ಕೊಟ್ಟು, ಒಪ್ಪಂದದ ಪತ್ರ, ಹೂಡಿಕೆಯಲ್ಲಿ ಎಷ್ಟು ಏರಿಳಿತ ಅವರು ತಡೆದುಕೊಳ್ಳಬಲ್ಲರು ಅಂತ ಅಳೆಯುವ ಪ್ರಶ್ನೆಪತ್ರ, ನಾನು ಕೊಟ್ಟ ಪ್ರತಿ ಸಲಹೆಯನ್ನೂ ಬರೆದು ಐದು ವರ್ಷ ಇಡಬೇಕಾದ ಕಡತ, ವರ್ಷಕ್ಕೊಮ್ಮೆ ನಡೆಯುವ ಆಡಿಟ್, ಎಲ್ಲಾ ತೋರಿಸಿದೆ. ಕಡತ ನೋಡಿ ಅವರಿಗೆ ಸಮಾಧಾನವಾಯಿತು. ಮರುದಿನ ಮಗನ ಫೋನಿನಿಂದ ಯುಪಿಐ ಮಾಡಿಸಿದರು.

2024ರ ಡಿಸೆಂಬರ್‌ನಲ್ಲಿ ನಿಯಮ ಮತ್ತೆ ಬದಲಾಯಿತು. ಈಗ ಪದವಿ ಇದ್ದರೆ ಸಾಕು, ಅನುಭವ ಬೇಡ, ನೆಟ್‌ವರ್ತ್ ಬೇಡ. ಅದರ ಬದಲು ಗ್ರಾಹಕರ ಸಂಖ್ಯೆ ನೋಡಿ ಠೇವಣಿ ಇಡಬೇಕು, 150 ಜನರ ತನಕ 1 ಲಕ್ಷ. ಹೊಸಬರು ಬರಲಿ ಅಂತ ಮಾಡಿದ್ದು, ಒಳ್ಳೆಯದೇ. ಸಣ್ಣ ಊರುಗಳಿಗೆ ಈ ಕೆಲಸ ಮಾಡುವವರು ಬೇಕೇ ಬೇಕು. ಆದರೆ ಅನುಭವ ಪೂರ್ತಿ ಬೇಡ ಅಂದದ್ದು ನನಗೆ ಸರಿ ಕಾಣುವುದಿಲ್ಲ. ಸೂತ್ರ ಕಲಿಯಲು ಆರು ತಿಂಗಳು ಸಾಕು. ಗಂಡನ ಮುಂದೆ ಹೆಂಡತಿ ಮಾತು ನುಂಗಿಕೊಂಡದ್ದು ಕಾಣಲು ಒಂದಿಷ್ಟು ಮನೆಗಳಲ್ಲಿ ಕೂತು ಬಂದಿರಬೇಕು.

ಈಗ 64 ಕುಟುಂಬಗಳು ನನ್ನ ಜೊತೆ ಇವೆ. ಮೊದಲ ದಿನ ಗಂಡ ಹೆಂಡತಿ ಇಬ್ಬರೂ ಬರಲೇಬೇಕು, ಒಬ್ಬರೇ ಬಂದರೆ ಶುರು ಮಾಡುವುದಿಲ್ಲ. ಒಂದು ಹಾಳೆಯಲ್ಲಿ ಗೀಟು ಹಾಕಿ ಎರಡು ಭಾಗ ಮಾಡುತ್ತೇನೆ. ಒಂದು ಕಡೆ ಗಂಡನ ಹೆಸರು, ಇನ್ನೊಂದು ಕಡೆ ಹೆಂಡತಿಯ ಹೆಸರು. ಯಾವುದು ಯಾರ ಹೆಸರಲ್ಲಿದೆ ಅಂತ ಇಬ್ಬರೂ ಹೇಳುತ್ತಾ ಹೋಗಬೇಕು. ಹತ್ತು ನಿಮಿಷದಲ್ಲಿ ಒಂದು ಕಡೆ ತುಂಬಿರುತ್ತದೆ. ಆಗ ನಾನು ಏನೂ ಹೇಳುವುದಿಲ್ಲ, ಹಾಳೆಯನ್ನು ಇಬ್ಬರ ಮಧ್ಯೆ ತಿರುಗಿಸಿ ಇಡುತ್ತೇನೆ.

ಟೀಚರ್ ಮನೆಗೂ ಹೋಗಿದ್ದೆ. ಎರಡು ಕಂತು ಕಟ್ಟಿ ನಿಲ್ಲಿಸಿದ್ದರು, ಕಟ್ಟಿದ್ದರಲ್ಲಿ ಬಹುಪಾಲು ಹೋಗಿತ್ತು. ಕ್ಷಮೆ ಕೇಳಿದೆ. ಉಳಿದ ದುಡ್ಡಿನ ಲೆಕ್ಕವನ್ನು ಈಗ ನಾನೇ ನೋಡಿಕೊಡುತ್ತೇನೆ, ಅವರ ಹತ್ತಿರ ಫೀಸ್ ತಗೊಳ್ಳುವುದಿಲ್ಲ.

ಚೀಲ ತಂದಿದ್ದ ಆ ತಂಗಿ ಈಗ ಅದೇ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾರೆ. ಇಡಿಎಲ್‌ಐ ಬಂತು, ಪಿಂಚಣಿ ಬರುತ್ತಿದೆ. ಕಳೆದ ತಿಂಗಳು ವಿದ್ಯಾನಗರದ ಹತ್ತಿರ ಎರಡು ಕೋಣೆಯ ಮನೆ ಕೊಂಡರು. ಕ್ರಯಪತ್ರದ ಕರಡನ್ನು ಫೋಟೊ ತೆಗೆದು ರಾತ್ರಿ ಹತ್ತಕ್ಕೆ ವಾಟ್ಸಾಪ್ ಮಾಡಿದರು. "ಅಕ್ಕ, ನನ್ನ ಹೆಸರು ಸರಿಯಾಗಿ ಬಂದಿದೆಯಾ ನೋಡಿ." ಫೋಟೊ ದೊಡ್ಡದು ಮಾಡಿ ಆಧಾರ್, ಪ್ಯಾನ್ ಎರಡರ ಜೊತೆಗೂ ಹೋಲಿಸಿದೆ. ಆಧಾರ್‌ನಲ್ಲಿ ತಂದೆಯ ಹೆಸರಿನ ಇನಿಶಿಯಲ್ ಇತ್ತು, ಕರಡಿನಲ್ಲಿ ಗಂಡನದು ಹಾಕಿದ್ದರು. ನಾಳೆ ಬೆಳಿಗ್ಗೆ ಮೊದಲು ಇದನ್ನು ತಿದ್ದಿಸಿ, ಆಮೇಲೆ ಸಹಿ ಹಾಕಿ ಅಂತ ಬರೆದು ಕಳಿಸಿದೆ.